ಮೂಗು ಹಿಡಿದಾಗ ಬಾಯಿ ಬಿಟ್ಟ ಸರ್ಕಾರಗಳು: ಕೆನಡಾದ ಆರೋಗ್ಯ ಕಾರ್ಡಿನ ರಾಜಕೀಯ

(ಒಂಟಾರಿಯೊದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಬಹುತೇಕರ ಪರ್ಸಿನಲ್ಲಿ ಹಸಿರು ಬಿಳಿ ಬಣ್ಣದ ಓಹಿಪ್ ಕಾರ್ಡು, ಅಂದರೆ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ಇದೆ. ಈ ದೇಶಕ್ಕೆ ಬಂದಿಳಿದ ಮೇಲೆ ಸಿನ್ ನಂಬರು (ಕೆಲಸಕ್ಕೆ, ತೆರಿಗೆಗೆ ಬೇಕಾದ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ ಎಲ್ಲ ಆದ ಕೂಡಲೇ ಸರ್ವಿಸ್ ಒಂಟಾರಿಯೊ ಕಚೇರಿಯಲ್ಲಿ ಸಾಲು ನಿಂತು ಮಾಡಿಸಿಕೊಂಡದ್ದು. ಅದನ್ನು ತೋರಿಸಿದರೆ ಆಸ್ಪತ್ರೆಯಲ್ಲಿ ಯಾರೂ ಅಡ್ವಾನ್ಸ್ ಕಟ್ಟಿ ಅನ್ನುವುದಿಲ್ಲ. ಹೆರಿಗೆ ಆಗಲಿ, ಹೃದಯದ ಆಪರೇಷನ್ ಆಗಲಿ, ಬಿಲ್ಲು ಮನೆಗೆ ಬರುವುದಿಲ್ಲ. ಊರಿಗೆ ಫೋನ್ ಮಾಡಿದಾಗ ನಾವು ಇದನ್ನು ಖುಷಿಯಿಂದ ಹೇಳಿಕೊಳ್ಳುತ್ತೇವೆ. ಇಲ್ಲಿ ಎಲ್ಲ ಫ್ರೀ, ಇಲ್ಲಿಯವರು ಒಳ್ಳೆಯ ಜನ, ಅದಕ್ಕೇ ಹೀಗೆ ಮಾಡಿದ್ದಾರೆ ಅಂತ.

ಜನ ಒಳ್ಳೆಯವರೇ. ಆದರೆ ಒಳ್ಳೆಯತನದಿಂದ ಈ ಕಾರ್ಡು ಬಂದಿಲ್ಲ. ಇದು ಜಗಳದಿಂದ ಬಂದದ್ದು. ಅದರಲ್ಲೂ ಒಂದು ವಿಶೇಷ ಇದೆ. ಬಹುಮತ ಇಲ್ಲದೆ ಒದ್ದಾಡುತ್ತಿದ್ದ ಸರ್ಕಾರಗಳ ಮೂಗನ್ನು ಒಂದು ಸಣ್ಣ ಪಕ್ಷ ಹಿಡಿದಾಗಲೇ ಅವು ಬಾಯಿ ಬಿಟ್ಟಿವೆ. ಹಾಗೆ ಮೂಗು ಹಿಡಿದವರು ಆಮೇಲೆ ಚುನಾವಣೆಯಲ್ಲಿ ಸೋತಿದ್ದಾರೆ. ಇದು ಒಂದು ಸಲ ಆದದ್ದಲ್ಲ, ನೂರು ವರ್ಷದಲ್ಲಿ ಮತ್ತೆ ಮತ್ತೆ ಆಗಿದೆ. 2025ರ ಏಪ್ರಿಲ್‌ನಲ್ಲೂ ಅದೇ ಆಯಿತು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ.

ಮೊದಲು ಸಸ್ಕಾಚೆವಾನ್‌ಗೆ ಹೋಗೋಣ. ನಮ್ಮಲ್ಲಿ ಹೆಚ್ಚಿನವರು ಆ ಪ್ರಾಂತ್ಯ ನೋಡಿರುವುದಿಲ್ಲ. ಕಣ್ಣು ಹಾಯುವಷ್ಟು ದೂರ ಗೋಧಿ ಹೊಲ, ಮೈಲಿಗಟ್ಟಲೆ ದೂರದಲ್ಲಿ ಒಂದೊಂದು ಊರು. ಅಲ್ಲಿ ಡಾಕ್ಟರು ಸಿಗುವುದೇ ಕಷ್ಟ, ಬಂದವರೂ ನಿಲ್ಲುತ್ತಿರಲಿಲ್ಲ. 1910ರ ದಶಕದಲ್ಲೇ ಸಾರ್ನಿಯಾ ಎಂಬ ಹಳ್ಳಿ ಪಂಚಾಯಿತಿ ತೆರಿಗೆ ಹಣದಿಂದ ತನ್ನ ಡಾಕ್ಟರಿಗೆ ದುಡ್ಡು ಕೊಟ್ಟು ಊರಲ್ಲೇ ಉಳಿಸಿಕೊಂಡಿತು. ಸುತ್ತಲಿನ ಪಂಚಾಯಿತಿಗಳೂ ಹಾಗೇ ಮಾಡಿದವು. 1930ರ ದಶಕದಲ್ಲಿ ಬರ ಬಂತು, ಗೋಧಿಯ ಬೆಲೆ ನೆಲ ಕಚ್ಚಿತು. ರೈತರ ಕೈಯಲ್ಲಿ ಕಾಸಿಲ್ಲ. ಡಾಕ್ಟರಿಗೆ ಕೋಳಿ, ಆಲೂಗಡ್ಡೆ ಕೊಟ್ಟು ಋಣ ತೀರಿಸಿದ ಕಾಲ ಅದು. ಆ ರೈತರು, ಅವರ ಸಹಕಾರ ಸಂಘಗಳು, ಕಾರ್ಮಿಕರು ಸೇರಿ ಕಟ್ಟಿದ ಪಕ್ಷ ಸಿಸಿಎಫ್. ನಾನು ಆಗಲೇ ಹೇಳಿದ ಸಣ್ಣ ಪಕ್ಷ, ಇವತ್ತಿನ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ), ಅದರಿಂದಲೇ ಹುಟ್ಟಿದ್ದು.

ಆ ಪಕ್ಷದ ಟಾಮಿ ಡಗ್ಲಸ್ 1944ರಲ್ಲಿ ಸಸ್ಕಾಚೆವಾನ್‌ನ ಪ್ರೀಮಿಯರ್ ಆದರು. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಚರ್ಚಿನಲ್ಲಿ ಪಾದ್ರಿಯಾಗಿದ್ದವರು. ಚಿಕ್ಕ ಹುಡುಗನಾಗಿದ್ದಾಗ ಅವರ ಕಾಲಿನ ಮೂಳೆಗೆ ಸೋಂಕು ತಗಲಿತ್ತು. ಮನೆಯಲ್ಲಿ ದುಡ್ಡಿಲ್ಲ, ಕಾಲು ತೆಗೆಯಬೇಕು ಅಂದಿದ್ದರು. ವಿನ್ನಿಪೆಗ್ ಆಸ್ಪತ್ರೆಯಲ್ಲಿ ಒಬ್ಬ ಸರ್ಜನ್, ತನ್ನ ವಿದ್ಯಾರ್ಥಿಗಳಿಗೆ ಕಲಿಸಲು ಈ ಕೇಸು ಉಪಯೋಗಕ್ಕೆ ಬರುತ್ತದೆ ಅಂತ, ಬಿಟ್ಟಿಯಾಗಿ ಆಪರೇಷನ್ ಮಾಡಿ ಕಾಲು ಉಳಿಸಿದರು. ಡಗ್ಲಸ್ ಇದನ್ನು ಜೀವನಪೂರ್ತಿ ಹೇಳುತ್ತಿದ್ದರು. ಅವರು ಹೇಳುತ್ತಿದ್ದ ರೀತಿ ಮುಖ್ಯ. ಆ ಸರ್ಜನ್ ಎಷ್ಟು ದೊಡ್ಡವರು ಅನ್ನುವುದಕ್ಕಿಂತ, ಒಬ್ಬ ಮಗುವಿನ ಕಾಲು ಹೀಗೆ ಯಾರದೋ ದಯೆಯ ಮೇಲೆ ನಿಂತಿರಬಾರದು ಅನ್ನುವುದು ಅವರ ಮಾತಾಗಿತ್ತು.

ಅವರು ಆತುರ ಪಡಲಿಲ್ಲ. 1946ರಲ್ಲಿ ಸ್ವಿಫ್ಟ್ ಕರೆಂಟ್ ಎಂಬ ಒಂದೇ ಪ್ರದೇಶದಲ್ಲಿ ಪೂರ್ತಿ ವೈದ್ಯಕೀಯ ವಿಮೆ ಶುರುವಾಯಿತು. 1947ರ ಜನವರಿ 1ರಿಂದ ಇಡೀ ಪ್ರಾಂತ್ಯಕ್ಕೆ ಆಸ್ಪತ್ರೆ ವಿಮೆ, ವರ್ಷಕ್ಕೆ ತಲೆಗೆ 5 ಡಾಲರ್. ಆಸ್ಪತ್ರೆ ಖರ್ಚು ಮಾತ್ರ, ಡಾಕ್ಟರ ಫೀಸು ಇನ್ನೂ ಹೊರಗೇ ಇತ್ತು. ಅದನ್ನೂ ಸೇರಿಸುತ್ತೇವೆ ಅಂತ ಹೇಳಿಯೇ 1960ರ ಚುನಾವಣೆಗೆ ಹೋದರು. ಡಾಕ್ಟರುಗಳ ಸಂಘ ಚಂದಾ ಎತ್ತಿ ವಿರುದ್ಧ ಪ್ರಚಾರ ಮಾಡಿತು. ಸಿಸಿಎಫ್ ಗೆದ್ದಿತು. 1961ರ ನವೆಂಬರ್‌ನಲ್ಲಿ ಕಾನೂನು ಪಾಸಾಯಿತು. ಅಷ್ಟು ಹೊತ್ತಿಗೆ ಡಗ್ಲಸ್ ಹೊಸದಾಗಿ ಹುಟ್ಟಿದ್ದ ಎನ್‌ಡಿಪಿಯ ನಾಯಕರಾಗಿ ರಾಷ್ಟ್ರ ರಾಜಕೀಯಕ್ಕೆ ಹೊರಟಿದ್ದರು. ಅವರ ಜಾಗಕ್ಕೆ ಬಂದವರು ಮೇಷ್ಟ್ರಾಗಿದ್ದ ವುಡ್ರೋ ಲಾಯ್ಡ್.

1962ರ ಜುಲೈ 1. ಅವತ್ತಿನಿಂದ ವಿಮೆ ಜಾರಿ. ಅವತ್ತೇ ಪ್ರಾಂತ್ಯದ ಬಹುಪಾಲು ಡಾಕ್ಟರುಗಳು ಕ್ಲಿನಿಕ್ಕಿಗೆ ಬೀಗ ಹಾಕಿದರು. ಕೆಲವು ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆ ಮಾತ್ರ ಇತ್ತು. ಮೊದಲ ದಿನವೇ, ಕಾಯಿಲೆ ಬಿದ್ದ ಹಸುಗೂಸನ್ನು ಕಾರಿನಲ್ಲಿ ಹಾಕಿಕೊಂಡು ಅಪ್ಪ ಅಮ್ಮ ಡಾಕ್ಟರನ್ನು ಹುಡುಕುತ್ತಾ ಹೋಗುತ್ತಿದ್ದಾಗ ದಾರಿಯಲ್ಲೇ ಮಗು ತೀರಿಕೊಂಡಿತು. ಇಷ್ಟಾದರೂ ಪತ್ರಿಕೆಗಳು ಹೆಚ್ಚಾಗಿ ಡಾಕ್ಟರುಗಳ ಪರ. ‘ನಮ್ಮ ಡಾಕ್ಟರುಗಳನ್ನು ಉಳಿಸಿಕೊಳ್ಳಿ’ ಅನ್ನುವ ಸಮಿತಿಗಳು ಊರೂರಲ್ಲಿ ಹುಟ್ಟಿದವು. ಸರ್ಕಾರ ಕಮ್ಯುನಿಸ್ಟರ ಕೈಗೆ ಹೋಗುತ್ತಿದೆ, ನಿಮ್ಮ ಡಾಕ್ಟರು ಊರು ಬಿಡುತ್ತಾರೆ ಅಂತ ಹೆದರಿಸಿದರು. ಹೆದರಿದವರನ್ನು ನಾನು ದೂರುವುದಿಲ್ಲ. ಹೆರಿಗೆಗೆ ದಿನ ಹತ್ತಿರ ಬಂದಿರುವ ಮನೆಯವರಿಗೆ ಭಯ ಆಗದೆ ಇರುತ್ತದೆಯೇ?

ಲಾಯ್ಡ್ ಹಿಂದೆ ಸರಿಯಲಿಲ್ಲ. ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಿದರು. ಇನ್ನೊಂದು ಕೆಲಸ ಜನರೇ ಮಾಡಿದರು, ನನಗೆ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಭಾಗ ಅದು. ಊರಿನವರು ಸೇರಿ, ತಮ್ಮದೇ ದುಡ್ಡು ಹಾಕಿ, ಸಹಕಾರ ಸಂಘದ ಮಾದರಿಯಲ್ಲಿ ಸಮುದಾಯ ಕ್ಲಿನಿಕ್‌ಗಳನ್ನು ತೆರೆದರು. ಮುಷ್ಕರಕ್ಕೆ ಸೇರದ ಬೆರಳೆಣಿಕೆಯ ಡಾಕ್ಟರುಗಳು, ಹೊರಗಿನಿಂದ ಬಂದವರು ಅಲ್ಲಿ ಕೂತು ರೋಗಿಗಳನ್ನು ನೋಡಿದರು. ಸಸ್ಕಾಟೂನಿನಲ್ಲಿ ಆ ಜುಲೈನಲ್ಲಿ ಶುರುವಾದ ಸಮುದಾಯ ಕ್ಲಿನಿಕ್ ಬಾಗಿಲು ಹಾಕದೆ ಈಗಲೂ ನಡೆಯುತ್ತಿದೆ.

ಜುಲೈ 11ಕ್ಕೆ ರಿಜೈನಾದ ವಿಧಾನಸಭೆ ಮುಂದೆ ದೊಡ್ಡ ಪ್ರತಿಭಟನೆ ಅಂತ ಘೋಷಿಸಿದರು. ಹತ್ತಾರು ಸಾವಿರ ಜನ ಬರುತ್ತಾರೆ ಅಂದರು. ಬಂದವರು ನಾಲ್ಕೈದು ಸಾವಿರ. ಅಲ್ಲಿಂದ ಗಾಳಿ ತಿರುಗಿತು. ಬ್ರಿಟನ್ನಿನ ಲಾರ್ಡ್ ಟೇಲರ್ ಎಂಬ ವೈದ್ಯ ರಾಜಕಾರಣಿ ಮಧ್ಯಸ್ಥಿಕೆ ವಹಿಸಿ, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುತ್ತಾ ಓಡಾಡಿದರು. 23 ದಿನಕ್ಕೆ, ಜುಲೈ 23ರಂದು, ಸಸ್ಕಾಟೂನಿನಲ್ಲಿ ಒಪ್ಪಂದ ಆಯಿತು. ವಿಮೆ ಉಳಿಯಿತು.

ಆದರೆ ಆ ಒಪ್ಪಂದಕ್ಕೆ ಒಂದು ಬೆಲೆ ತೆರಬೇಕಾಯಿತು, ಅದನ್ನು ನಾವು ಇವತ್ತಿಗೂ ಕಟ್ಟುತ್ತಿದ್ದೇವೆ. ಡಾಕ್ಟರುಗಳು ಸರ್ಕಾರದ ಸಂಬಳದವರಾಗಲಿಲ್ಲ. ತಮ್ಮ ಕ್ಲಿನಿಕ್ ತಾವೇ ನಡೆಸುತ್ತಾ, ನೋಡಿದ ಒಂದೊಂದು ರೋಗಿಗೆ ಇಷ್ಟು ಅಂತ ಸರ್ಕಾರಕ್ಕೆ ಬಿಲ್ಲು ಕಳಿಸುವ ಖಾಸಗಿಯವರಾಗಿಯೇ ಉಳಿದರು. ದೇಶದ ಉಳಿದ ಕಡೆಯೂ ಹೆಚ್ಚುಕಡಿಮೆ ಇದೇ ಪದ್ಧತಿ ಬಂತು. ಜನರೇ ನಡೆಸುವ, ಡಾಕ್ಟರು, ನರ್ಸು, ಸಮಾಜ ಕಾರ್ಯಕರ್ತರು ಒಂದೇ ಸೂರಿನಡಿ ಕೆಲಸ ಮಾಡುವ ಸಮುದಾಯ ಕ್ಲಿನಿಕ್ ಮೂಲೆಗೆ ಸರಿಯಿತು. ಈಗ ಫ್ಯಾಮಿಲಿ ಡಾಕ್ಟರು ಸಿಗುತ್ತಿಲ್ಲ ಅಂತ ದೇಶದಲ್ಲಿ ಸುಮಾರು 60 ಲಕ್ಷ ವಯಸ್ಕರು ಹೇಳುತ್ತಿದ್ದಾರೆ. ನಿಮ್ಮಲ್ಲೂ ಎಷ್ಟೋ ಜನ ವಾಕ್ ಇನ್ ಕ್ಲಿನಿಕ್ಕುಗಳಲ್ಲಿ ಗಂಟೆಗಟ್ಟಲೆ ಕಾದಿದ್ದೀರಿ. ಬಾಡಿಗೆ, ರಿಸೆಪ್ಷನಿಸ್ಟ್ ಸಂಬಳ, ಸಾಫ್ಟ್‌ವೇರ್ ಎಲ್ಲ ತಾವೇ ನೋಡಿಕೊಳ್ಳಬೇಕಾದ ಅಂಗಡಿ ತೆರೆಯಲು ಹೊಸ ಡಾಕ್ಟರುಗಳಿಗೆ ಇಷ್ಟ ಇಲ್ಲ. 1962ರಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಇದು. ಇದನ್ನು ಮುಗಿಸುವುದು ಬಿಟ್ಟು, ‘ಸರ್ಕಾರಿ ವ್ಯವಸ್ಥೆ ಸೋತಿದೆ’ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ.

ಈಗ ದೇಶದ ರಾಜಧಾನಿ ಒಟ್ಟಾವಾಗೆ, ಕೇಂದ್ರ ಸರ್ಕಾರದ ಕಡೆಗೆ ಬರೋಣ. ಲಿಬರಲ್ ಪಕ್ಷ ಆರೋಗ್ಯ ವಿಮೆಯನ್ನು ತನ್ನ ಪ್ರಣಾಳಿಕೆಯಲ್ಲಿ ಮೊದಲು ಬರೆದದ್ದು ಯಾವಾಗ ಗೊತ್ತೇ? 1919ರಲ್ಲಿ. ಆಮೇಲೆ ಆ ಪಕ್ಷ ಎಷ್ಟೋ ಸಲ ಪೂರ್ಣ ಬಹುಮತದಿಂದ ಆಳಿತು. ಕಾನೂನು ಬಂದದ್ದು 1966ರಲ್ಲಿ. ನಡುವೆ 47 ವರ್ಷ. 1966ರಲ್ಲಿ ಏನು ವಿಶೇಷ? ಲೆಸ್ಟರ್ ಪಿಯರ್‌ಸನ್ ಪ್ರಧಾನಿ, ಅವರ ಬಳಿ ಇದ್ದದ್ದು 265ರಲ್ಲಿ 131 ಸೀಟು. ಬಹುಮತಕ್ಕೆ ಎರಡು ಕಡಿಮೆ. ಎನ್‌ಡಿಪಿಯ 21 ಜನ ಎದುರು ಕೂತಿದ್ದರು, ಅವರ ನಾಯಕ ಟಾಮಿ ಡಗ್ಲಸ್. ಎಮೆಟ್ ಹಾಲ್ ಎಂಬ ನ್ಯಾಯಮೂರ್ತಿಯ ಆಯೋಗ, ಸಸ್ಕಾಚೆವಾನ್ ಮಾದರಿಯನ್ನು ದೇಶಕ್ಕೆಲ್ಲ ತನ್ನಿ ಅಂತ 1964ರಲ್ಲೇ ವರದಿ ಕೊಟ್ಟಿತ್ತು. ಆ ಆಯೋಗ ನೇಮಿಸಿದ್ದು ಕನ್ಸರ್ವೇಟಿವ್ ಪ್ರಧಾನಿ ಡೀಫನ್‌ಬೇಕರ್. ವೈದ್ಯಕೀಯ ಸಂಘ ಆಯೋಗ ಬೇಕು ಅಂತ ಕೇಳಿತ್ತು, ಬಂದ ವರದಿ ಅವರ ಎಣಿಕೆಗೆ ಪೂರಾ ಉಲ್ಟಾ. ಕೊನೆಗೆ ಮಸೂದೆಯ ಪರ 177 ಮತ, ವಿರುದ್ಧ 2. ಅಷ್ಟಾದರೂ ಹಣಕಾಸು ಮಂತ್ರಿ ಒಂದು ವರ್ಷ ಮುಂದಕ್ಕೆ ಹಾಕಿಸಿದರು. 1968ರ ಜುಲೈ 1ರಂದು ಜಾರಿಯಾಯಿತು. ಕೆನಡಾ ಪಿಂಚಣಿ ಯೋಜನೆ, ವಿದ್ಯಾರ್ಥಿ ಸಾಲ ಯೋಜನೆ ಕೂಡ ಪಿಯರ್‌ಸನ್ನರ ಬಹುಮತವಿಲ್ಲದ ಆ ಐದು ವರ್ಷಗಳ ಫಸಲೇ.

ಸ್ವಲ್ಪ ಹಿಂದಕ್ಕೂ ಒಂದು ಹೆಜ್ಜೆ ಹೋಗಿ ಬರುತ್ತೇನೆ, ಯಾಕೆಂದರೆ ಈ ಪಾಠ ಡಗ್ಲಸ್ ಕಲಿತದ್ದು ಅವರಿಗಿಂತ ಹಿರಿಯರಿಂದ. 1925ರ ಚುನಾವಣೆಯಲ್ಲಿ ಮೆಕೆಂಜಿ ಕಿಂಗ್ ಅವರ ಲಿಬರಲ್ ಪಕ್ಷ ಎರಡನೇ ಸ್ಥಾನಕ್ಕೆ ಇಳಿದಿತ್ತು, ಆದರೂ ಕುರ್ಚಿ ಬಿಡಲಿಲ್ಲ. ಒಂದೊಂದು ಮತಕ್ಕೂ ಬೆಲೆ. ವಿನ್ನಿಪೆಗ್‌ನಿಂದ ಬಂದ ಇಬ್ಬರೇ ಇಬ್ಬರು ಕಾರ್ಮಿಕ ಸದಸ್ಯರು, ವುಡ್ಸ್‌ವರ್ತ್ ಮತ್ತು ಹೀಪ್ಸ್, ಇಬ್ಬರು ನಾಯಕರಿಗೂ ಪತ್ರ ಬರೆದರು. ವೃದ್ಧಾಪ್ಯ ವೇತನಕ್ಕೆ, ನಿರುದ್ಯೋಗಿಗಳಿಗೆ ಏನು ಮಾಡುತ್ತೀರಿ ಹೇಳಿ, ಆಮೇಲೆ ಬೆಂಬಲದ ಮಾತು ಅಂದರು. ಕಿಂಗ್ ಪಿಂಚಣಿಗೆ ಲಿಖಿತ ಭರವಸೆ ಕೊಟ್ಟರು. 1927ರಲ್ಲಿ ಕಾನೂನು ಆಯಿತು. 70 ದಾಟಿದವರಿಗೆ ತಿಂಗಳಿಗೆ 20 ಡಾಲರ್. ಮೂಲನಿವಾಸಿ ವೃದ್ಧರನ್ನು ಮಾತ್ರ ಹೊರಗಿಟ್ಟರು. ಈ ಹೊರಗಿಡುವ ಚಾಳಿಯ ಬಗ್ಗೆ ಆಮೇಲೆ ಹೇಳುತ್ತೇನೆ.

ನಮ್ಮ ಒಂಟಾರಿಯೊದ ಕತೆಯೂ ಬೇರೆ ಅಲ್ಲ. 1980ರ ದಶಕದಲ್ಲಿ ಇಲ್ಲಿ ಓಹಿಪ್ ಇತ್ತು, ಆದರೆ ಎಷ್ಟೋ ಡಾಕ್ಟರುಗಳು ಓಹಿಪ್ ಕೊಡುವ ದರದ ಮೇಲೆ ರೋಗಿಯಿಂದ ಇನ್ನಷ್ಟು ಕೀಳುತ್ತಿದ್ದರು. 1985ರ ಮೇ ತಿಂಗಳ ಚುನಾವಣೆಯಲ್ಲಿ ಕನ್ಸರ್ವೇಟಿವ್ 52, ಲಿಬರಲ್ 48, ಎನ್‌ಡಿಪಿ 25. 42 ವರ್ಷ ಆಳಿದ ಪಕ್ಷವನ್ನು ಇಳಿಸಿ ಲಿಬರಲ್ ನಾಯಕ ಡೇವಿಡ್ ಪೀಟರ್‌ಸನ್ ಅವರನ್ನು ಕೂರಿಸಲು ಎನ್‌ಡಿಪಿಯ ಬಾಬ್ ರೇ ಒಪ್ಪಿದರು. ಸುಮ್ನೆ ಒಪ್ಪಲಿಲ್ಲ, ಎರಡು ವರ್ಷದ ಒಪ್ಪಂದವನ್ನು ಕಾಗದದ ಮೇಲೆ ಬರೆಸಿಕೊಂಡರು. ಅದರಲ್ಲಿ ಒಂದು ಅಂಶ, ಡಾಕ್ಟರುಗಳ ಈ ಮೇಲ್ವಸೂಲಿ ನಿಲ್ಲಬೇಕು ಅನ್ನುವುದು. 1986ರ ಜೂನ್‌ನಲ್ಲಿ ಕಾನೂನು ಬಂತು. ಇಲ್ಲೂ ಡಾಕ್ಟರುಗಳು 25 ದಿನ ಮುಷ್ಕರ ಹೂಡಿದರು, ಕಾನೂನು ನಿಂತಿತು. ಕಾರ್ಡು ತೋರಿಸಿ ಜೇಬಿಗೆ ಕೈ ಹಾಕದೆ ಎದ್ದು ಬರುತ್ತೇವಲ್ಲ, ಅದು ಸಾಧ್ಯವಾದದ್ದು ಆ ಕಾಗದದಿಂದ. 1987ರಲ್ಲಿ ಮತ್ತೆ ಚುನಾವಣೆ. ಹೆಸರೆಲ್ಲ ಲಿಬರಲ್‌ಗೆ ಹೋಯಿತು, 95 ಸೀಟು. ಎನ್‌ಡಿಪಿ 19ಕ್ಕೆ ಇಳಿಯಿತು.

ಸರಿ, ಆರೋಗ್ಯ ಕಾರ್ಡಿನಲ್ಲಿ ಏನಿಲ್ಲ? ಹಲ್ಲು ಇಲ್ಲ. ಆಸ್ಪತ್ರೆಯ ಹೊರಗೆ ಕೊಳ್ಳುವ ಮಾತ್ರೆ ಇಲ್ಲ. ಹಾಲ್ ಆಯೋಗ 1964ರಲ್ಲೇ ಔಷಧಿಯ ಬಗ್ಗೆ, ಮಕ್ಕಳ ಹಲ್ಲಿನ ಬಗ್ಗೆ ಹೇಳಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸದ ಕಡೆಯಿಂದ ವಿಮೆ ಇದ್ದವರಿಗೆ ಇದರ ಬಿಸಿ ತಟ್ಟುವುದಿಲ್ಲ. ಊಬರ್ ಓಡಿಸುವವರಿಗೆ, ಗೋದಾಮಿನಲ್ಲಿ ಏಜೆನ್ಸಿ ಮೂಲಕ ದುಡಿಯುವವರಿಗೆ, ಸಣ್ಣ ಅಂಗಡಿ ಇಟ್ಟವರಿಗೆ ತಟ್ಟುತ್ತದೆ. ರೂಟ್ ಕೆನಾಲ್ ಮಾಡಿಸಲು ಭಾರತಕ್ಕೆ ಹೋಗುವ ತನಕ ನೋವು ನುಂಗಿಕೊಂಡು ಕೂತವರು ನಮ್ಮ ನಡುವೆಯೇ ಇದ್ದಾರೆ.

2022ರ ವಸಂತ ಕಾಲ ನೆನಪು ಮಾಡಿಕೊಳ್ಳಿ. ಆ ಮೇ ತಿಂಗಳಲ್ಲಿ, ಶಿರಾ ತಾಲ್ಲೂಕಿನಿಂದ ಬಂದು ನೆಪಿಯನ್ ಕ್ಷೇತ್ರದ ಸಂಸದರಾಗಿದ್ದ ಚಂದ್ರ ಆರ್ಯ ಅವರು ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ನಮಗೆಲ್ಲ ಮೈ ಜುಮ್ ಅಂದಿತು. ಆ ವಿಡಿಯೊ ನಮ್ಮ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು, ಓಡಾಡಬೇಕಾದದ್ದೇ. ಅದೇ ಸಂಸತ್ತಿನಲ್ಲಿ ಅದಕ್ಕೆ ಎರಡು ತಿಂಗಳ ಮುಂಚೆ, ಮಾರ್ಚ್ 22ರಂದು, ಬಹುಮತವಿಲ್ಲದ ಜಸ್ಟಿನ್ ಟ್ರುಡೊ ಸರ್ಕಾರ ಮತ್ತು ಜಗ್ಮೀತ್ ಸಿಂಗ್ ಅವರ ಎನ್‌ಡಿಪಿ ನಡುವೆ ಒಂದು ಒಪ್ಪಂದ ಆಗಿತ್ತು. ಎನ್‌ಡಿಪಿಯ 25 ಜನ ಸರ್ಕಾರವನ್ನು ಬೀಳಿಸುವುದಿಲ್ಲ. ಬದಲಿಗೆ ಹಲ್ಲಿನ ಚಿಕಿತ್ಸೆ, ಔಷಧಿ, ಮುಷ್ಕರದ ಹೊತ್ತಿನಲ್ಲಿ ಬದಲಿ ಕೆಲಸಗಾರರನ್ನು ತರದ ಹಾಗೆ ಕಾನೂನು. ಈ ಸುದ್ದಿ ನಮ್ಮ ಗುಂಪುಗಳಲ್ಲಿ ಓಡಾಡಲಿಲ್ಲ. ನಮ್ಮ ಮನೆಯ ಖರ್ಚಿಗೆ ನೇರ ತಗಲುವ ಸುದ್ದಿ ಇದು. ಭಾಷೆಯ ಅಭಿಮಾನದ ಜೊತೆಗೆ ಇದನ್ನೂ ಮಾತಾಡುವ ಅಭ್ಯಾಸ ನಮಗೆ ಬರಬೇಕು.

ಏನು ಸಿಕ್ಕಿತು ನೋಡಿ. ಕೆನಡಾ ದಂತ ಚಿಕಿತ್ಸಾ ಯೋಜನೆಗೆ 2023ರ ಡಿಸೆಂಬರ್‌ನಲ್ಲಿ ಹಿರಿಯರ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿದರು, 2024ರ ಮೇ ತಿಂಗಳಿಂದ ಚಿಕಿತ್ಸೆ, 2025ರಲ್ಲಿ ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆಯಿತು. 50 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದಾರೆ. ಕುಟುಂಬದ ನಿವ್ವಳ ಆದಾಯ ವರ್ಷಕ್ಕೆ 90,000 ಡಾಲರ್ ಒಳಗಿರಬೇಕು, ಬೇರೆ ದಂತ ವಿಮೆ ಸಿಗುವಂತಿರಬಾರದು, ತೆರಿಗೆ ವಿವರ ಸಲ್ಲಿಸಿರಬೇಕು. 70,000ದ ಒಳಗಿದ್ದರೆ ಯೋಜನೆಯ ದರದಲ್ಲಿ ನಿಮ್ಮ ಪಾಲು ಸೊನ್ನೆ. ನಿಮ್ಮ ಜೊತೆ ಪಿಆರ್ (ಕಾಯಂ ನಿವಾಸಿ) ಆಗಿ ಬಂದು ನೆಲೆಸಿರುವ ಅಪ್ಪ ಅಮ್ಮ ಇದ್ದರೆ ಅವರಿಗೆ ಆದಾಯ ಇಲ್ಲದಿದ್ದರೂ ತೆರಿಗೆ ವಿವರ ಸಲ್ಲಿಸಿ. ‘ಸಂಪಾದನೆಯೇ ಇಲ್ಲ, ಯಾಕೆ ಫೈಲ್ ಮಾಡಬೇಕು’ ಅಂತ ಬಿಟ್ಟು ಎಷ್ಟೋ ಮನೆಗಳಲ್ಲಿ ಈ ಸೌಲಭ್ಯ ಕೈತಪ್ಪುತ್ತದೆ.

ಔಷಧಿಯ ಕಾನೂನು 2024ರ ಅಕ್ಟೋಬರ್‌ನಲ್ಲಿ ಬಂತು. ಮೊದಲ ಹಂತದಲ್ಲಿ ಎರಡೇ: ಗರ್ಭನಿರೋಧಕಗಳು, ಸಕ್ಕರೆ ಕಾಯಿಲೆಯ ಔಷಧಿಗಳು. ಸಕ್ಕರೆ ಕಾಯಿಲೆ ಅಂದ ಕೂಡಲೇ ಈ ಸಭೆಯಲ್ಲಿ ಎಷ್ಟು ತಲೆಗಳು ಅಲ್ಲಾಡಿದವು! ನಮ್ಮ ಜನಕ್ಕೆ ಇದರ ಕಾಟ ಜಾಸ್ತಿ. ಇನ್ಸುಲಿನ್ ಹುಟ್ಟಿದ್ದು ಇಲ್ಲೇ, ಟೊರೊಂಟೊ ವಿಶ್ವವಿದ್ಯಾಲಯದಲ್ಲಿ, 1921ರಲ್ಲಿ. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು, ಯಾರೂ ಇದರಿಂದ ಲಾಭದ ದಂಧೆ ಮಾಡಬಾರದು ಅಂತ. ನೂರು ವರ್ಷ ಆದ ಮೇಲೆ, ಅದೇ ದೇಶದಲ್ಲಿ ಇನ್ಸುಲಿನ್ನಿಗೆ ದುಡ್ಡು ಸಾಲದೆ ಡೋಸು ಕಡಿಮೆ ಮಾಡಿಕೊಳ್ಳುವವರು ಇದ್ದರು ಅನ್ನುವುದು ನನಗೆ ನಾಚಿಕೆಯ ವಿಷಯ. ಈ ಕಾನೂನಿನ ಲಾಭ ಒಂದು ಪ್ರಾಂತ್ಯದ ಜನಕ್ಕೆ ಸಿಗಲು ಆ ಪ್ರಾಂತ್ಯ ಸಹಿ ಹಾಕಬೇಕು. 2025ರ ಚುನಾವಣೆಗೆ ಮುಂಚೆ ಸಹಿ ಹಾಕಿದವರು ಮ್ಯಾನಿಟೋಬಾ, ಬ್ರಿಟಿಷ್ ಕೊಲಂಬಿಯಾ, ಪ್ರಿನ್ಸ್ ಎಡ್ವರ್ಡ್ ಐಲೆಂಡ್, ಯೂಕಾನ್ ಮಾತ್ರ. ಇನ್ಸುಲಿನ್ ಹುಟ್ಟಿದ ಒಂಟಾರಿಯೊ ಆ ಪಟ್ಟಿಯಲ್ಲಿ ಇರಲಿಲ್ಲ.

ಇನ್ನು, ಕೆಲಸ ಮಾಡಿಸಿದವರ ಗತಿ. 1962ರ ಜೂನ್‌ನಲ್ಲಿ, ವಿಮೆ ಜಾರಿಗೆ ಎರಡು ವಾರ ಮುಂಚೆ, ಟಾಮಿ ಡಗ್ಲಸ್ ರಾಷ್ಟ್ರ ಚುನಾವಣೆಯಲ್ಲಿ ತಮ್ಮ ರಿಜೈನಾ ಕ್ಷೇತ್ರದಲ್ಲೇ ಸೋತರು. 1964ರಲ್ಲಿ ಲಾಯ್ಡ್ ಸರ್ಕಾರ ಸೋತಿತು. 1972ರಿಂದ 74ರ ತನಕ ಪಿಯರ್ ಟ್ರುಡೊ ಸರ್ಕಾರವನ್ನು ಎತ್ತಿಹಿಡಿದು, ಚುನಾವಣಾ ಖರ್ಚಿಗೆ ಮಿತಿ ಹಾಕುವ ಕಾನೂನಿಗೆ ಒತ್ತಾಯಿಸಿದ ಎನ್‌ಡಿಪಿ ನಾಯಕ ಡೇವಿಡ್ ಲೂಯಿಸ್ 1974ರಲ್ಲಿ ಸ್ವಂತ ಸೀಟು ಕಳೆದುಕೊಂಡರು, ಪಕ್ಷ 31ರಿಂದ 16ಕ್ಕೆ ಇಳಿಯಿತು. 2025ರ ಏಪ್ರಿಲ್ 28ರಂದು ಜಗ್ಮೀತ್ ಸಿಂಗ್ ಬರ್ನಬಿಯಲ್ಲಿ ಮೂರನೇ ಸ್ಥಾನಕ್ಕೆ ಹೋದರು. ಪಕ್ಷಕ್ಕೆ ಬಂದದ್ದು 7 ಸೀಟು. ಅಧಿಕೃತ ಪಕ್ಷ ಅನ್ನಿಸಿಕೊಳ್ಳಲು 12 ಬೇಕು.

ಕಾರಣ ಏನು ಅಂತ ನಿಮಗೂ ಗೊತ್ತು. ಟ್ರಂಪ್ ಸುಂಕ ಹಾಕಿದರು, ಕೆನಡಾವನ್ನು 51ನೇ ರಾಜ್ಯ ಮಾಡುತ್ತೇನೆ ಅಂದರು. ಜನ ಹೆದರಿ, ಕನ್ಸರ್ವೇಟಿವ್ ನಾಯಕ ಪಿಯರ್ ಪೊಲಿಯೆವ್ ಬೇಡ ಅನ್ನುವವರೆಲ್ಲ ಲಿಬರಲ್ ನಾಯಕ ಮಾರ್ಕ್ ಕಾರ್ನಿ ಕಡೆ ಹೋದರು. ಅದು ಸಹಜ. ಆದರೆ ಅದರ ಹಿಂದೆ ನಮ್ಮ ಮತ ಎಣಿಸುವ ಪದ್ಧತಿಯೂ ಇದೆ. ಕ್ಷೇತ್ರದಲ್ಲಿ ಒಂದು ಮತ ಜಾಸ್ತಿ ಬಂದವರು ಗೆದ್ದರು, ಉಳಿದ ಮತಕ್ಕೆ ಬೆಲೆ ಇಲ್ಲ. ಭಾರತದಲ್ಲೂ ಇದೇ ಇರುವುದರಿಂದ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ. 2025ರಲ್ಲಿ ಎನ್‌ಡಿಪಿಗೆ ದೇಶದಾದ್ಯಂತ ನೂರಕ್ಕೆ ಸುಮಾರು 6.3 ಮತ ಬಂತು, ಸೀಟು 7. ಕೆಬೆಕ್ ಒಂದರಲ್ಲೇ ನಿಲ್ಲುವ ಬ್ಲಾಕ್ ಕೆಬೆಕ್ವಾಗೂ ಹೆಚ್ಚುಕಡಿಮೆ ಅಷ್ಟೇ ಮತ, ಸೀಟು 22. ಈ ಪದ್ಧತಿಯ ಕೊನೆಯ ಚುನಾವಣೆ ಇದೇ ಅಂತ 2015ರಲ್ಲಿ ಜಸ್ಟಿನ್ ಟ್ರುಡೊ ಮಾತು ಕೊಟ್ಟಿದ್ದರು. ಪೂರ್ಣ ಬಹುಮತ ಬಂತು. 2017ರ ಫೆಬ್ರವರಿಯಲ್ಲಿ ಕೈ ಬಿಟ್ಟರು.

ಇದನ್ನೆಲ್ಲ ಕೇಳಿ ಕೆಲವರು ಅನ್ನಬಹುದು, ಯೋಜನೆ ಬಂದಾಯಿತಲ್ಲ, ಇನ್ನು ಯಾರಿದ್ದರೇನು ಅಂತ. ಬಂದ ಯೋಜನೆಯನ್ನು ಯಾರೂ ಬಹಿರಂಗವಾಗಿ ರದ್ದು ಮಾಡುವುದಿಲ್ಲ. ಸದ್ದಿಲ್ಲದೆ ಸವೆಸುತ್ತಾರೆ. ಸಸ್ಕಾಚೆವಾನ್‌ನಲ್ಲಿ 1964ರಲ್ಲಿ ಗೆದ್ದ ರಾಸ್ ಥ್ಯಾಚರ್ ವಿಮೆಯನ್ನು ಮುಟ್ಟಲಿಲ್ಲ. 1968ರಲ್ಲಿ, ಜನ ಸುಮ್ನೆ ಸುಮ್ನೆ ಡಾಕ್ಟರ ಬಳಿ ಹೋಗುತ್ತಾರೆ ಅಂತ, ಒಂದು ಭೇಟಿಗೆ ಒಂದೂವರೆ ಡಾಲರ್ ಶುಲ್ಕ ಹಾಕಿದರು. ಸಣ್ಣ ಮೊತ್ತ ಅಲ್ವಾ? ಆಮೇಲೆ ಲೆಕ್ಕ ಹಾಕಿ ನೋಡಿದಾಗ ಒಟ್ಟಾರೆ ಭೇಟಿಗಳು ಕಡಿಮೆಯಾದದ್ದು ನೂರಕ್ಕೆ ಆರೇಳು. ಬಡವರಲ್ಲಿ ಮಾತ್ರ ನೂರಕ್ಕೆ 18. 1971ರಲ್ಲಿ ಎನ್‌ಡಿಪಿ ಮತ್ತೆ ಬಂದು ಅದನ್ನು ತೆಗೆದುಹಾಕಿತು.

ನಮ್ಮ ಒಂಟಾರಿಯೊದಲ್ಲಿ 2019ರಲ್ಲಿ ಡಗ್ ಫೋರ್ಡ್ ಸರ್ಕಾರ ಮಸೂದೆ 124 ತಂದಿತು. ನರ್ಸ್‌ಗಳೂ ಸೇರಿ ಸಾರ್ವಜನಿಕ ವಲಯದವರ ಸಂಬಳ ಮೂರು ವರ್ಷ, ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಹೆಚ್ಚು ಏರಬಾರದು. ಅಷ್ಟರಲ್ಲಿ ಕೋವಿಡ್ ಬಂತು. ಸಂಜೆ ನಾವೆಲ್ಲ ಬಾಲ್ಕನಿಯಲ್ಲಿ ನಿಂತು ನರ್ಸ್‌ಗಳಿಗೆ ಚಪ್ಪಾಳೆ ತಟ್ಟಿದೆವು. ಬೆಲೆ ಏರಿತು, ಸಂಬಳ ಏರಲಿಲ್ಲ. ಎಷ್ಟೋ ನರ್ಸ್‌ಗಳು ಕೆಲಸ ಬಿಟ್ಟರು, ಆಸ್ಪತ್ರೆಗಳು ಖಾಸಗಿ ಏಜೆನ್ಸಿಗಳಿಂದ ದುಬಾರಿ ದರಕ್ಕೆ ನರ್ಸ್‌ಗಳನ್ನು ತರಬೇಕಾಯಿತು. 2022ರ ನವೆಂಬರ್‌ನಲ್ಲಿ ನ್ಯಾಯಾಲಯ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು, 2024ರ ಫೆಬ್ರವರಿಯಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಹೋದ ನರ್ಸ್‌ಗಳು ತೀರ್ಪಿನಿಂದ ವಾಪಸ್ ಬರುತ್ತಾರೆಯೇ? ಈಗ ಅದೇ ಕೊರತೆ ತೋರಿಸಿ, ಖಾಸಗಿ ಕ್ಲಿನಿಕ್‌ಗಳಿಗೆ ಇನ್ನಷ್ಟು ಕೆಲಸ ಕೊಡೋಣ ಅನ್ನುತ್ತಾರೆ. ಆಲ್ಬರ್ಟಾ ಸರ್ಕಾರ 2025ರ ಕೊನೆಯಲ್ಲಿ, ಒಬ್ಬನೇ ಡಾಕ್ಟರು ಸರ್ಕಾರಿ ಬಿಲ್ಲೂ ಖಾಸಗಿ ಬಿಲ್ಲೂ ಎರಡೂ ಮಾಡಬಹುದು ಅನ್ನುವ ಮಸೂದೆ ತಂದಿತು.

ದುಡ್ಡಿದ್ದವರು ದುಡ್ಡು ಕೊಟ್ಟು ಮಾಡಿಸಿಕೊಂಡರೆ ಉಳಿದವರ ಸಾಲು ಕಡಿಮೆ ಆಗುತ್ತದಲ್ಲ, ಅಂತ ನಮ್ಮವರೇ ಕೇಳುತ್ತಾರೆ. ಬ್ಯಾಂಕಿನಲ್ಲಿ ಇರುವ ಮೂರೇ ಸಿಬ್ಬಂದಿಯಲ್ಲಿ ಒಬ್ಬರನ್ನು ಎಬ್ಬಿಸಿ ಶ್ರೀಮಂತರ ಕೌಂಟರಿಗೆ ಕೂರಿಸಿದರೆ ಈ ಕಡೆಯ ಸಾಲು ಕರಗುತ್ತದೆಯೇ? ಡಾಕ್ಟರುಗಳು, ನರ್ಸ್‌ಗಳು ಇರುವಷ್ಟೇ. ಹೆಚ್ಚಿಸಬೇಕಾದದ್ದು ಅವರನ್ನು. ಊರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದ ಕನ್ನಡದ ನರ್ಸ್‌ಗಳು, ಡಾಕ್ಟರುಗಳು ಇಲ್ಲಿ ಲೈಸೆನ್ಸಿಗಾಗಿ ಕಾಯುತ್ತಾ ಬೇರೆ ಬೇರೆ ಕೆಲಸ ಮಾಡುತ್ತಿದ್ದಾರೆ. ಅದನ್ನು ಸರಿಪಡಿಸಲು ಖಾಸಗಿ ಕೌಂಟರ್ ಬೇಕಿಲ್ಲ.

ಹೊರಗಿಡುವ ಚಾಳಿಯ ಬಗ್ಗೆ ಹೇಳುತ್ತೇನೆ ಅಂದೆ. ಮ್ಯಾನಿಟೋಬಾದ ನಾರ್ವೇ ಹೌಸ್ ಕ್ರೀ ಸಮುದಾಯದ ಜಾರ್ಡನ್ ರಿವರ್ ಆಂಡರ್ಸನ್ ಎಂಬ ಮಗು. ಹುಟ್ಟಿನಿಂದಲೇ ಆರೋಗ್ಯದ ತೊಂದರೆ, ವಿನ್ನಿಪೆಗ್ ಆಸ್ಪತ್ರೆಯಲ್ಲಿತ್ತು. ಎರಡು ವರ್ಷ ತುಂಬಿದಾಗ ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಅಂದರು. ಮನೆಯಲ್ಲಿ ಆರೈಕೆಯ ಖರ್ಚು ಯಾರು ಕೊಡಬೇಕು ಅಂತ ಕೇಂದ್ರ ಸರ್ಕಾರಕ್ಕೂ ಪ್ರಾಂತ್ಯಕ್ಕೂ ತಕರಾರು ಶುರುವಾಯಿತು. ಬೇರೆ ಮಗುವಾಗಿದ್ದರೆ ಪ್ರಾಂತ್ಯ ಕೊಡುತ್ತಿತ್ತು, ಮೂಲನಿವಾಸಿ ಮಗುವಾದ್ದರಿಂದ ಈ ಪ್ರಶ್ನೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಗದಗಳು ಓಡಾಡಿದವು. 2005ರಲ್ಲಿ, ಐದು ವರ್ಷದ ಮಗು ಆಸ್ಪತ್ರೆಯಲ್ಲೇ ತೀರಿಕೊಂಡಿತು. ಒಂದು ದಿನವೂ ಮನೆಯಲ್ಲಿ ಇರಲಿಲ್ಲ. ಮೊದಲು ಮಗುವಿಗೆ ಸೇವೆ ಕೊಡಿ, ದುಡ್ಡಿನ ಜಗಳ ಆಮೇಲೆ ಆಡಿ ಅನ್ನುವ ನಿಯಮಕ್ಕೆ ಈಗ ಜಾರ್ಡನ್ ಹೆಸರಿದೆ. 2007ರಲ್ಲಿ ಸಂಸತ್ತು ಒಪ್ಪಿತು. ಆದರೂ ಅದನ್ನು ಸರಿಯಾಗಿ ಪಾಲಿಸಿ ಅಂತ 2016ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ ಹೇಳಬೇಕಾಯಿತು.

ನಮ್ಮ ಮಕ್ಕಳ ಕಡೆಗೂ ನೋಡಿ. ಕರ್ನಾಟಕದಿಂದ ಓದಲು ಬಂದ ಹುಡುಗ ಸಸ್ಕಾಚೆವಾನ್‌ನಲ್ಲಿದ್ದರೆ ಅಲ್ಲಿಯ ಸರ್ಕಾರಿ ವಿಮೆ ಸಿಗುತ್ತದೆ. ಒಂಟಾರಿಯೊದಲ್ಲಿದ್ದರೆ ಓಹಿಪ್ ಇಲ್ಲ, ಕಾಲೇಜಿನ ಮೂಲಕ ವಿಮೆ ಕೊಳ್ಳಬೇಕು. ಮ್ಯಾನಿಟೋಬಾ ಕೊಡುತ್ತಿತ್ತು, 2018ರಲ್ಲಿ ಅಲ್ಲಿಯ ಕನ್ಸರ್ವೇಟಿವ್ ಸರ್ಕಾರ ಕಿತ್ತುಕೊಂಡಿತು. ಸ್ಥಳೀಯರಿಗಿಂತ ಎಷ್ಟೋ ಪಟ್ಟು ಫೀಸು ಕಟ್ಟುವ ಮಕ್ಕಳು ಇವರು, ರಾತ್ರಿ ಪಾಳಿಯಲ್ಲಿ ದುಡಿದು ತೆರಿಗೆ ಕೊಡುವವರು. ಮತದ ಹಕ್ಕಿಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ. ಮತ ಇರುವ ನಾವು ಅವರ ಪರವಾಗಿ ಕೇಳಬೇಕು. ಮಕ್ಕಳ ಜೊತೆ ದೀರ್ಘಕಾಲ ಇರಲು ಕೊಡುವ ಸೂಪರ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರಿಗೂ ಸರ್ಕಾರಿ ವಿಮೆ ಇಲ್ಲ, ಕನಿಷ್ಠ ಒಂದು ಲಕ್ಷ ಡಾಲರಿನ ಖಾಸಗಿ ವಿಮೆ ತೋರಿಸಿಯೇ ವೀಸಾ ಪಡೆಯಬೇಕು. ಅದರಲ್ಲಿ ಹಳೆಯ ಕಾಯಿಲೆಗಳ ಷರತ್ತನ್ನು ಸರಿಯಾಗಿ ಓದಿಕೊಳ್ಳಿ, ಬಿಪಿ ಮಾತ್ರೆಯ ಡೋಸು ಇತ್ತೀಚೆಗೆ ಬದಲಾಗಿದ್ದರೆ ಅದೂ ಲೆಕ್ಕಕ್ಕೆ ಬರಬಹುದು.

ಕೊನೆಯಲ್ಲಿ ಸಭಿಕರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಹಾಗಾದರೆ ಬಹುಮತದ ಸರ್ಕಾರ ಒಳ್ಳೆಯದನ್ನು ಮಾಡುವುದೇ ಇಲ್ಲವೇ? ಮಾಡಿದೆ. 1984ರ ಕೆನಡಾ ಆರೋಗ್ಯ ಕಾಯ್ದೆ ಬಂದದ್ದು ಪಿಯರ್ ಟ್ರುಡೊ ಅವರ ಬಹುಮತದ ಸರ್ಕಾರದಲ್ಲಿ. ಆರೋಗ್ಯ ಮಂತ್ರಿ ಮೊನಿಕ್ ಬೆಗಾನ್, ಗಟ್ಟಿ ಹೆಂಗಸು. ಯಾವ ಪ್ರಾಂತ್ಯದಲ್ಲಿ ರೋಗಿಯಿಂದ ಮೇಲ್ವಸೂಲಿ ಆಗುತ್ತದೋ ಅಷ್ಟೇ ಮೊತ್ತವನ್ನು ಆ ಪ್ರಾಂತ್ಯಕ್ಕೆ ಕೊಡುವ ಅನುದಾನದಲ್ಲಿ ಕಡಿತ ಮಾಡುತ್ತೇವೆ ಅಂದರು. ಸ್ವಂತ ಸಂಪುಟದಲ್ಲೇ ಹಿಂಜರಿಕೆ ಇತ್ತು, ಪ್ರಾಂತ್ಯಗಳು ಸಿಟ್ಟಾದವು, ವೈದ್ಯಕೀಯ ಸಂಘ ವಿರೋಧಿಸಿತು. ಆದರೆ ಅಷ್ಟರಲ್ಲಿ ನರ್ಸ್‌ಗಳ ಸಂಘಟನೆಗಳು, ಕಾರ್ಮಿಕ ಸಂಘಗಳು, ಹಿರಿಯ ನಾಗರಿಕರು ಊರೂರಲ್ಲಿ ಸಭೆ ಮಾಡಿ, ಸಂಸದರಿಗೆ ಪತ್ರ ಬರೆದು ವಿಷಯವನ್ನು ಮನೆ ಮನೆಗೆ ಮುಟ್ಟಿಸಿದ್ದರು. ಚುನಾವಣೆ ಹತ್ತಿರದಲ್ಲಿತ್ತು, ಆ ಸೆಪ್ಟೆಂಬರ್‌ನಲ್ಲೇ ನಡೆಯಿತು. ವಿರೋಧ ಪಕ್ಷದ ನಾಯಕ ಬ್ರಯನ್ ಮಲ್ರೋನಿ ತಮ್ಮ ಕನ್ಸರ್ವೇಟಿವ್ ಸದಸ್ಯರಿಗೆ ಮಸೂದೆಯ ಪರ ನಿಲ್ಲಿ ಅಂದರು. ಏಪ್ರಿಲ್‌ನಲ್ಲಿ ಮತಕ್ಕೆ ಹಾಕಿದಾಗ ಹೌಸ್ ಆಫ್ ಕಾಮನ್ಸ್‌ನಲ್ಲಿ ವಿರುದ್ಧ ಒಂದೇ ಒಂದು ಮತ ಬೀಳಲಿಲ್ಲ.